ಬಿಸಿ ರೊಟ್ಟಿಗಾಗಿ ಒಂದು ದೋಣಿ

ಮೊನ್ನೆ ಮುದ್ದೇಬಿಹಾಳದಲ್ಲಿ ಖಾನಾವಳಿಯ ಅಕ್ಕಾರಿಗೆ ನುಡಿನಮನ ಇಟ್ಟುಕೊಂಡಿದ್ದರು. ಮಾತಾಡಿದವರೆಲ್ಲ ಅವರನ್ನು ಅನ್ನಪೂರ್ಣೆ ಎಂದರು. ನಿವೃತ್ತ ಹೆಡ್‌ಮಾಸ್ತರರೊಬ್ಬರು ಅದಕ್ಕೆ ‘ಸಾಕ್ಷಾತ್’ ಸೇರಿಸಿದರು. ಅವರ ನಂತರ ಬಂದ ಬಸ್ ಕಂಟ್ರೋಲರ್ ಸಾಹೇಬರು ಹಿಂದೆ ಬೀಳಬಾರದೆಂದು ‘ಸಾಕ್ಷಾತ್ ಜಗನ್ಮಾತೆ’ ಎಂದರು. ಟೇಬಲ್ ಮೇಲೆ ಹಾರ ಹಾಕಿದ ಫೋಟೊ ಇತ್ತು. ಫೋಟೊದಲ್ಲಿ ಅಕ್ಕಾರು ಕಣ್ಣು ಅರ್ಧ ಮುಚ್ಚಿ, ಎದುರಿಗಿದ್ದವರು ಹೇಳುವುದನ್ನು ಇನ್ನೇನು ತಳ್ಳಿಹಾಕಬೇಕು ಎನ್ನುವ ಹಾಗೆ ಕಾಣುತ್ತಿದ್ದರು. ಅದರ ಮುಂದೆ ಒಂದು ಎಡೆ. ಎಡೆಯಲ್ಲಿ ಬ್ಯಾಳಿ, ಬದನೆಕಾಯಿ ಪಲ್ಯ, ಎರಡು ಜೋಳದ ರೊಟ್ಟಿ. ರೊಟ್ಟಿ ತಣ್ಣಗಿತ್ತು. ನಾನು ಮುಟ್ಟಿ ನೋಡಿದೆ.

ಮೈಕು ನನ್ನ ಕಡೆ ಬಂದಾಗ “ಎರಡು ಮಿನಿಟ್ ಅಷ್ಟ ತಂಗಿ” ಎಂದರು. ಕಾಲೇಜಿನ ಮೂರೂ ವರ್ಷ ನಾನು ಚರ್ಚಾಸ್ಪರ್ಧೆಯಲ್ಲಿ ಪ್ರತಿಪಕ್ಷದಲ್ಲೇ ಕೂತವಳು. ಒಂದು ಮಾತನ್ನು ಅಲ್ಲಗಳೆಯಲು ಎರಡು ಮಿನಿಟು ಧಾರಾಳ. “ಅಕ್ಕಾರು ಅನ್ನಪೂರ್ಣೆ ಅಲ್ಲ. ಮಂದಿಗೆ ಉಣಬಡಿಸುವುದನ್ನು ತಪ್ಪಿಸಿಕೊಳ್ಳಲಿಕ್ಕೆ ಮನೆ ಬಿಟ್ಟು ದೋಣಿ ಹತ್ತಿದವರು. ಅವರಿಗೆ ಮರ್ಯಾದೆ ಕೊಡುವುದಿದ್ದರೆ ಮೊದಲು ಈ ತಣ್ಣನೆ ರೊಟ್ಟಿ ತೆಗೆಯಿರಿ” ಎಂದೆ. ಮೈಕಿನ ಬ್ಯಾಟರಿ ಹೋಗಿದೆ ಎಂದು ಹೇಳಿ ಬಹಳ ಸೌಜನ್ಯದಿಂದ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ವಂದನಾರ್ಪಣೆಯ ಹೊತ್ತಿಗೆ ಬ್ಯಾಟರಿ ಮತ್ತೆ ಬಂದಿತ್ತು.

ಆ ಎರಡು ಮಿನಿಟಿನಲ್ಲಿ ಹೇಳದೆ ಉಳಿದದ್ದು ಇಲ್ಲಿದೆ.

ಅಕ್ಕಾರ ಹೆಸರು ನಾನು ಬರೆಯುವುದಿಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ಅವರ ಖಾನಾವಳಿಯ ಬೋರ್ಡಿನ ಮೇಲೂ ಹೆಸರಿರಲಿಲ್ಲ. ‘ಖಾನಾವಳಿ’ ಎಂದಷ್ಟೇ ಇತ್ತು. ಊರಿಗೆಲ್ಲ ಅವರು ಅಕ್ಕಾರು. ಅವರಿಗಿಂತ ದೊಡ್ಡವರಿಗೂ ಅಕ್ಕಾರೇ.

ನಾನು ಆಲಮೇಲದವಳು. ಡಿಗ್ರಿಗೆ ಮುದ್ದೇಬಿಹಾಳಕ್ಕೆ ಬಂದು ಹಾಸ್ಟೆಲಿನಲ್ಲಿದ್ದೆ. ಹಾಸ್ಟೆಲಿನ ಸಾರಿನಲ್ಲಿ ಬ್ಯಾಳಿ ಇದೆ ಎಂಬುದಕ್ಕೆ ಪುರಾವೆ ಸಿಗದ ಕಾರಣ ಖಾನಾವಳಿಗೆ ಹೋಗತೊಡಗಿದೆ. ಅಲ್ಲಿ ಗಂಡಸರು ಸಾಲಾಗಿ ಕೂತು ಉಣ್ಣುತ್ತಿದ್ದರು. ಅಕ್ಕಾರು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಹಂಚಿನಿಂದ ರೊಟ್ಟಿ ಉಬ್ಬಿ ಏಳುವುದೂ ತಾಟಿಗೆ ಬೀಳುವುದೂ ಒಟ್ಟಿಗೇ ಆಗುತ್ತಿತ್ತು. ಎರಡನೆಯ ದಿನವೋ ಮೂರನೆಯ ದಿನವೋ ನಾನು ಕೇಳಿದೆ:

“ಅಕ್ಕಾರ, ನೀವ್ಯಾವಾಗ ಉಣ್ತೀರಿ?”

“ನೀವೆಲ್ಲಾರೂ ಎದ್ದ ಮ್ಯಾಲ.”

“ಆವಾಗ ಬಿಸಿ ರೊಟ್ಟಿ ಇರ್ತಾವೇನ್ರಿ?”

ಅಕ್ಕಾರ ಕೈ ನಿಂತಿತು. ರೊಟ್ಟಿ ಬಡಿಯುವಾಗ ಅವರ ಕೈ ನಿಂತದ್ದನ್ನು ಯಾರೂ ನೋಡಿರಲಿಲ್ಲವಾದ್ದರಿಂದ ಉಣ್ಣುತ್ತಿದ್ದವರೆಲ್ಲ ತಲೆಯೆತ್ತಿದರು.

“ಯಾವೂರಾಕಿ ನೀ?”

“ಆಲಮೇಲದಾಕಿ ರೀ.”

“ಆಲಮೇಲದಾಗ ಎಲ್ಲಾರೂ ಹಿಂಗ ಕೇಳ್ತಾರೇನು?”

“ಇಲ್ರಿ. ನಾ ಡಿಬೇಟ್‌ನಾಗ ಅದೇನಿ.”

“ಹಂಗನ್ರಿ ವಕೀಲ್ರ” ಎಂದು ಅವರು ಮತ್ತೆ ಬಡಿಯತೊಡಗಿದರು. ನಾನು ವಕೀಲಳಲ್ಲ, ಆಗುವ ವಿಚಾರವೂ ಇಲ್ಲ. ಆದರೆ ಅವತ್ತಿನಿಂದ ಅವರ ಬಾಯಲ್ಲಿ ನಾನು ವಕೀಲ್ರು.

ನಮ್ಮ ಕಡೆಯವರಲ್ಲದವರಿಗೆ ಒಂದು ಮಾತು ಹೇಳಬೇಕು. ಜೋಳದ ರೊಟ್ಟಿಗೆ ಮೂರು ವಯಸ್ಸು. ಹಂಚಿನಿಂದ ಇಳಿದಾಗ ಅದು ಬಿಸಿ ರೊಟ್ಟಿ. ಅದರ ಆಯುಷ್ಯ ಕೆಲವೇ ನಿಮಿಷ. ಅದು ಉಣ್ಣಲು ಕೂತವರ ಪಾಲು. ಪೂರ್ತಿ ಒಣಗಿದರೆ ಖಡಕ್ ರೊಟ್ಟಿ; ಅದಕ್ಕೆ ಸಾವಿಲ್ಲ; ಅದು ಊರೂರು ತಿರುಗುವವರ ಪಾಲು. ಇವೆರಡರ ನಡುವೆ ತೊಗಲಿನಂತೆ ಜಿಗಿಯಾಗುವ ರೊಟ್ಟಿಯೊಂದಿದೆ. ಅದು ಬಡಿದವಳ ಪಾಲು. ಈ ಹಂಚಿಕೆಯನ್ನು ಯಾರೂ ಮಾಡಲಿಲ್ಲ, ಹಾಗಾಗಿ ಯಾರ ವಿರುದ್ಧ ವಾದಿಸಬೇಕೆಂದೂ ಗೊತ್ತಾಗುವುದಿಲ್ಲ.

ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಕಲಿಯದಿರುವುದು ನನ್ನ ನಿಲುವು. ನಮ್ಮವ್ವ ಇದನ್ನು ಸೋಮಾರಿತನ ಎನ್ನುತ್ತಾಳೆ. ಅಕ್ಕಾರು ಮಾತ್ರ ನನ್ನ ಪರ ನಿಂತರು.

“ಕಲೀಬ್ಯಾಡ. ಕಲಿತಿ ಅಂದ್ರ ಬಡಸ್ತಾರ. ನಾ ಸಣ್ಣಾಕಿದ್ದಾಗ ಒಂದಿನ ದುಂಡಗ ಬಡದೆ. ಅವತ್ತಿಂದ ಕುಂತಾಕಿ ಇನ್ನಾ ಎದ್ದಿಲ್ಲ.”

ಇದನ್ನು ಅವರು ದುಃಖದಿಂದ ಹೇಳಲಿಲ್ಲ. ಬಸ್ ಎಷ್ಟು ಹೊತ್ತಿಗಿದೆ ಎಂದು ಹೇಳುವವರ ಧಾಟಿಯಲ್ಲಿ ಹೇಳಿದರು. ಅದೇ ಧಾಟಿಯಲ್ಲಿ ಇನ್ನೊಂದು ದಿನ ತಮ್ಮ ಬಯಕೆಯನ್ನೂ ಹೇಳಿದರು.

“ಒಂದ ಸಲ ಕುಂತು ಹೊಟ್ಟಿ ತುಂಬ ಬಿಸಿ ರೊಟ್ಟಿ ಉಣಬೇಕು ನೋಡವಾ. ಒಂದು ತಿಂದು ಮುಗಿಯೂದ್ರಾಗ ಇನ್ನೊಂದು ತಾಟಿಗೆ ಬರಬೇಕು. ನಡುವ ಏಳಬಾರ್ದು. ಯಾರನ್ನೂ ‘ಬರ್ರಿ’ ಅನ್ನಬಾರ್ದು.”

ಈ ‘ಬರ್ರಿ’ಯ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ಒಬ್ಬರು ಉಣ್ಣುವಾಗ ಇನ್ನೊಬ್ಬರು ಹಾದುಹೋದರೆ “ಬರ್ರಿ, ಊಟ ಮಾಡೂಣು” ಎನ್ನಲೇಬೇಕು. ಹಾದುಹೋಗುವವರು “ಆಗೇತ್ರಿ, ನೀವು ಮಾಡ್ರಿ” ಎನ್ನಬೇಕು, ಊಟ ಆಗಿರದಿದ್ದರೂ. ಇದು ಕರೆಯೂ ಅಲ್ಲ, ಸುಳ್ಳೂ ಅಲ್ಲ. ನಾನೊಮ್ಮೆ ಇದನ್ನು ಪರೀಕ್ಷಿಸಿದ್ದೇನೆ. ಬಸವನ ಬಾಗೇವಾಡಿಗೆ ಸ್ಪರ್ಧೆಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದ ಗುರುತಿಲ್ಲದ ಕುಟುಂಬವೊಂದು “ಬರ್ರಿ” ಎಂದಿತು. ಹೋಗಿ ಕೂತೆ. ಅವರು ರೊಟ್ಟಿ, ಹಿಂಡಿ ಅಂದರೆ ಚಟ್ನಿಪುಡಿ, ಒಂದು ಉಳ್ಳಾಗಡ್ಡಿ ಎಲ್ಲ ಕೊಟ್ಟರು. ಆದರೆ ಬಸ್ ಬರುವ ತನಕ ಅವರಲ್ಲಿ ಒಬ್ಬರೂ ಇನ್ನೊಬ್ಬರ ಕೂಡ ಮಾತಾಡಲಿಲ್ಲ. ಮುದುಕರೊಬ್ಬರು ನಾನು ಅಗಿಯುವುದನ್ನೇ ನೋಡುತ್ತಿದ್ದರು.

ಅಕ್ಕಾರ ಮಟ್ಟಿಗೆ ಈ ಮಾತಿನ ಅರ್ಥ ಬೇರೆಯಾಗಿತ್ತು. ಖಾನಾವಳಿಯವರು “ಬರ್ರಿ” ಅಂದರೆ ಜನ ನಂಬುತ್ತಾರೆ, ಬರುತ್ತಾರೆ, ಕೂಡುತ್ತಾರೆ.

ನಾನು ಓದು ಮುಗಿಸಿ ಸಿಂದಗಿಯಲ್ಲಿ ಅತಿಥಿ ಉಪನ್ಯಾಸಕಿಯಾದ ವರ್ಷ ಅಕ್ಕಾರು ಖಾನಾವಳಿ ಮುಚ್ಚಿದರು. ಬಲಗೈಯ ಮಣಿಕಟ್ಟು ಹೋಗಿತ್ತು. ಡಾಕ್ಟರು ಇನ್ನು ದಿನಾ ಬಡಿಯುವಂತಿಲ್ಲ ಎಂದಿದ್ದರು. ಗಂಡ ತೀರಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಒಬ್ಬ ತಂಗಿ ಝಳಕಿಯಲ್ಲಿದ್ದಳು. ಇನ್ನಾದರೂ ಕೂತು ಉಣ್ಣುತ್ತಾರೆ ಎಂದುಕೊಂಡು ನಾನು ರಜೆಯಲ್ಲಿ ಹೋದರೆ ಮನೆಯ ಪಡಸಾಲೆಯಲ್ಲಿ ಕಂಡಕ್ಟರೊಬ್ಬ ಉಣ್ಣುತ್ತಿದ್ದ. ಅಕ್ಕಾರು ಒಲೆಯ ಮುಂದೆ.

“ಇದೇನ್ರಿ ಅಕ್ಕಾರ?”

“ಕಟ್ಟಿ ಮ್ಯಾಲ ಕುಂತು ಉಣ್ಣಾಕತ್ತಿದ್ನಿ. ಇಂವಾ ಹಾದು ಹ್ವಾದ. ಬಾಯಿ ತಪ್ಪಿ ಬಾರಪಾ ಅಂದೆ. ಬಂದಾ.”

“ಅಕ್ಕಾರ ಕರದ್ರ ಇಲ್ಲಾ ಅನ್ನಾಕ ಆಗತೈತೇನ್ರಿ?” ಎಂದ ಕಂಡಕ್ಟರ್, ಇನ್ನೊಂದು ರೊಟ್ಟಿಗೆ ತಾಟು ಮುಂದೆ ಮಾಡಿ.

ಅವನು ಹೋದ ಮೇಲೆ ನಾನು ವಿಷಯವನ್ನು ಕ್ರಮವಾಗಿ ಎತ್ತಿಕೊಂಡೆ.

“ಬಾಗಿಲಾ ಹಾಕ್ಕೊಂಡು ಉಣ್ರಿ.”

“ಬಾಗಿಲಾ ಹಾಕ್ಕೊಂಡು ಕಳ್ಳರು ಉಣ್ತಾರ.”

“ಹಂಗಾರ ಬರ್ರಿ ಅನಬ್ಯಾಡ್ರಿ.”

“ಎದುರ ಬಂದಾವನ್ನ ನೋಡಿ ಸುಮ್ಮ ತಿನ್ನಾಕ ನಾ ಎಮ್ಮೇನು?”

“ಹಂಗಾರ ಯಾರೂ ಹಾದು ಹೋಗದಂಥಾ ಜಾಗಾ ನೋಡಿ ಉಣ್ರಿ.”

ನನ್ನ ಮನಸ್ಸಿನಲ್ಲಿದ್ದದ್ದು ಅವರ ಮನೆಯ ಮಾಳಿಗೆ. ಅಕ್ಕಾರು ಒಂದು ದೋಣಿ ಕೊಂಡರು.

ಮುದ್ದೇಬಿಹಾಳದ ಕೆಳಗೆ ಕೃಷ್ಣೆಯ ಹಿನ್ನೀರಿದೆ. ದಂಡೆಯ ಮೇಲೆ ಮೀನುಗಾರರ ಗುಡಿಸಲುಗಳಿವೆ. ಅವರಲ್ಲೊಬ್ಬ ಸಂತೆಗೆ ಬಂದಾಗಲೆಲ್ಲ ಖಾನಾವಳಿಯಲ್ಲಿ ಉಣ್ಣುತ್ತಿದ್ದ. ಅವನ ಹಳೆಯ ಹಾಯಿದೋಣಿ ದಂಡೆಗೆ ಬಿದ್ದಿತ್ತು. ಅಕ್ಕಾರು ಅದಕ್ಕೆ ಡಾಂಬರು ಬಳಿಸಿದರು. ಬಂಡಿಗೆ ಕಟ್ಟುವ ಹಾಗೆ ಅರ್ಧಕ್ಕೆ ಬಿದಿರು ತಟ್ಟಿಯ ಕಮಾನು ಕಟ್ಟಿಸಿ, ಗೊಬ್ಬರದ ಚೀಲ ಹೊಲಿದ ಹಾಯಿ ಏರಿಸಿ, ಹಾಸಿಗೆ ಸುತ್ತಿಕೊಂಡು ಹೋಗಿ ಕೂತರು. ಒಬ್ಬರು ಕಾಲು ಚಾಚಿ ಮಲಗಬಹುದು. ಇಬ್ಬರು ಕೂತರೆ ಎದುರಾಬದುರಾ ತುದಿಗಳಲ್ಲಿ ಕೂಡಬೇಕು. ಮೂವರು ಹತ್ತಿದರೆ ಈಸು ಬರಬೇಕು.

ಊರು ತನ್ನ ಕೆಲಸ ಮಾಡಿತು. ಮುಳುಗಡೆಯಲ್ಲಿ ಹೋದ ತನ್ನ ಮನೆಯ ಮೇಲೆಯೇ ಆಕೆ ದೋಣಿ ನಿಲ್ಲಿಸುತ್ತಾಳೆ, ಹಳೆಯ ಒಲೆಯ ನೇರಕ್ಕೆ ಅಡುಗೆ ಮಾಡುತ್ತಾಳೆ ಎಂದು ಸುದ್ದಿಯಾಯಿತು. ಯೂಟ್ಯೂಬ್ ಚಾನಲಿನ ಹುಡುಗನೊಬ್ಬ ಮೊಬೈಲು ಹಿಡಿದು ಬಂದ. ಅವತ್ತು ನಾನೂ ದಂಡೆಯ ಮೇಲಿದ್ದೆ.

“ಅಕ್ಕಾರ, ಈ ನೀರಿನ ಕೆಳಗ ನಿಮ್ಮ ಮನಿ ಐತಲ್ರಿ? ಏನ ಅನಸ್ತೈತ್ರಿ?”

“ನಮ್ಮೂರು ಝಳಕಿ, ತಮ್ಮಾ.”

“ಅಂದ್ರ?”

“ಹೈವೇದ ಮ್ಯಾಲ ಐತಿ. ಅದನ್ನ ಮುಳುಗಸಬೇಕಂದ್ರ ನೀರ ಎಲ್ಲಿಂದ ತರ್ತೀ?”

ಹುಡುಗ ಮೊಬೈಲು ಇನ್ನಷ್ಟು ಹತ್ತಿರ ಹಿಡಿದು, “ಆದ್ರೂ ಸ್ವಲ್ಪ ಭಾವುಕರಾಗಿ ಹೇಳ್ರಿ” ಎಂದ. ಅಕ್ಕಾರು ಅವನ ಮುಖ ನೋಡಿ, “ಉಂಡೀಯೇನು?” ಎಂದರು. ಅವನು ಉಂಡಿರಲಿಲ್ಲ. ವಿಡಿಯೊ ಎಲ್ಲೂ ಬರಲಿಲ್ಲ. ನುಚ್ಚು-ಮಜ್ಜಿಗೆ ಚೆನ್ನಾಗಿತ್ತೆಂದು ಅವನೇ ಊರೆಲ್ಲ ಹೇಳಿದ.

ದೋಣಿಯ ಅಡುಗೆಮನೆ ಎಂದರೆ ಒಂದು ಕಬ್ಬಿಣದ ಪುಟ್ಟಿ, ಕಟ್ಟಡದವರು ಸಿಮೆಂಟು ಹೊರುವಂಥದ್ದು. ಅದರ ತುಂಬ ಉಸುಕು. ಉಸುಕಿನಲ್ಲಿ ಹೂತಿಟ್ಟ ಸಣ್ಣ ಗ್ಯಾಸಿನ ಒಲೆ, ದೋಣಿ ವಾಲಿದರೂ ಒಲೆ ಸರಿಯದ ಹಾಗೆ. ತಲೆಯ ಮೇಲೆ ಕೊಡ ಹೊರುವಾಗ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿ ಅಲ್ಲಿ ಪ್ರತಿ ಪಾತ್ರೆಯ ಕೆಳಗೂ ಇತ್ತು. ನೀರು ಅಲುಗಾಡಿದರೆ ಪಾತ್ರೆಗಳೆಲ್ಲ ತಲೆಯ ಮೇಲಿದ್ದ ಹಾಗೆ ಸ್ವಲ್ಪ ತೊನೆದು ಸುಮ್ಮನಾಗುತ್ತಿದ್ದವು. ಒಂದು ಕಾಯಿದೆ: ಹಾಯಿ ಏರಿಸಿದರೆ ಒಲೆ ಆರಿಸುವುದು, ಒಲೆ ಹಚ್ಚಿದರೆ ಹಾಯಿ ಇಳಿಸುವುದು.

ಹಾಯಿ ಏರುತ್ತಿದ್ದದ್ದೇ ಅಪರೂಪ. ಅಕ್ಕಾರಿಗೆ ಗಾಳಿಯ ಜೊತೆ ಹೋಗಲು ಬರುತ್ತಿತ್ತು, ವಾಪಸು ಬರಲು ಬರುತ್ತಿರಲಿಲ್ಲ. ಕಾಯಿಪಲ್ಯ ತರಲು ಹಾಯಿ ಹಾಕಿಕೊಂಡು ಆಚೆ ದಂಡೆಗೆ ಹೋದವರನ್ನು ಮೀನುಗಾರ ತನ್ನ ತೆಪ್ಪಕ್ಕೆ ಕಟ್ಟಿ ಎಳೆದುಕೊಂಡು ಬರುತ್ತಿದ್ದ. “ಹೋಗೂದು ನಂದು, ತರೂದು ಅವಂದು” ಎನ್ನುತ್ತಿದ್ದರು. ಉಳಿದ ಹೊತ್ತು ಹಾಯಿಯ ಮೇಲೆ ಸಂಡಿಗೆ ಒಣಗುತ್ತಿತ್ತು. ಕಾಗೆ ಬರುವುದಿಲ್ಲ ಎಂಬುದು ಅದರ ಪರವಾಗಿ ಅವರು ಮಂಡಿಸಿದ ಏಕೈಕ ವಾದ.

ಅಡುಗೆ ಅಂದರೆ ಒಂದು ಪಾತ್ರೆಯದು. ಜೋಳದ ನುಚ್ಚು ಬೇಯಿಸಿ ಮಜ್ಜಿಗೆ ಹಾಕಿಕೊಳ್ಳುವುದು. ಇಲ್ಲ, ಪುಂಡಿಪಲ್ಯ ಎಂಬ ಹುಳಿ ಸೊಪ್ಪಿಗೆ ಬ್ಯಾಳಿ, ಒಂದು ಹಿಡಿ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಒಂದೇ ಕುದಿಗೆ ಮುಗಿಸುವುದು. ಮಡಿಕೆಕಾಳು ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿ ಹಾಯಿಯ ಗಳಕ್ಕೆ ತೂಗುಹಾಕಿದರೆ ಮರುದಿನಕ್ಕೆ ಮೊಳಕೆ, ಅದಕ್ಕೊಂದು ಒಗ್ಗರಣೆ. ಜೊತೆಗೆ ಶೇಂಗಾದ ಹಿಂಡಿ, ಗುರೆಳ್ಳು ಹಿಂಡಿ, ಹಸಿ ಮೆಂತ್ಯದ ತಪ್ಪಲು, ಉಳ್ಳಾಗಡ್ಡಿ. ಕೆಳಗೆ ನೀರಿನ ತುಂಬ ಮೀನು, ಮೇಲೆ ಅಕ್ಕಾರು ಹಿಂಡಿಗೆ ಎಣ್ಣೆ ಕಲಸಿಕೊಂಡು ಕೂತಿರುತ್ತಿದ್ದರು. ಮೀನುಗಾರ ಒಮ್ಮೆ ಹೊಸ ಮೀನು ಹಿಡಿದು ತೋರಿಸಿ, “ಅಕ್ಕಾರ, ಇದು ನೀರಾಗಿನ ಬದನೀಕಾಯಿ ಅನ್ಕೋರಿ” ಎಂದನಂತೆ. “ಬದನೀಕಾಯಿ ನನ್ನ ಕಡೆ ಹಂಗ ಕಣ್ಣ ಬಿಟ್ಟು ನೋಡಂಗಿಲ್ಲ” ಎಂದರಂತೆ.

ಎಲ್ಲದರಲ್ಲೂ ಅವರು ಹೇಳಿದ್ದು ಸರಿ ಇರುತ್ತಿತ್ತು ಅಂತಲ್ಲ. ದೋಣಿಯಲ್ಲಿ ಮೊಸರಿನ ಗಡಿಗೆ ತೂಗುಹಾಕಿದರೆ ನೀರಿನ ಅಲುಗಾಟಕ್ಕೆ ಬೆಣ್ಣೆ ತಾನೇ ಬರುತ್ತದೆ ಎಂಬುದು ಅವರ ದೃಢ ನಂಬಿಕೆ. ನಾನು ಒಪ್ಪಲಿಲ್ಲ. ಒಂದೇ ಮೊಸರನ್ನು ಎರಡು ಗಡಿಗೆ ಮಾಡಿ ಒಂದನ್ನು ದೋಣಿಯಲ್ಲಿ, ಇನ್ನೊಂದನ್ನು ದಂಡೆಯ ಜಾಲಿಗಿಡದಲ್ಲಿ ತೂಗುಹಾಕಿಸಿದೆ. ಸಂಜೆಗೆ ಎರಡರಲ್ಲೂ ಬೆಣ್ಣೆ ಇರಲಿಲ್ಲ.

“ನೋಡ್ರಿ ಅಕ್ಕಾರ.”

“ಇವತ್ತ ಗಾಳಿ ಇಲ್ಲ.”

“ಗಾಳಿ ಇದ್ದ ದಿನ ಬರತೈತೇನ್ರಿ?”

“ಗಾಳಿ ಇದ್ದ ದಿನ ಮೊಸರ ಚೆಲ್ಲತೈತಿ.”

“ಹಂಗಾರ ಯಾವಾಗ ಬಂದೈತ್ರಿ?”

“ಬರತೈತಿ ಅಂತ ಹೇಳೇನಿ. ಬಂದೈತಿ ಅಂತ ನಾ ಎಲ್ಲಿ ಹೇಳೇನಿ?”

ಸಿಂದಗಿ, ಇಂಡಿ, ವಿಜಯಪುರ ಎಲ್ಲ ಕಡೆ ಗೆದ್ದವಳು ಹೋಗಿ ಜಾಲಿಗಿಡದ ಗಡಿಗೆ ಇಳಿಸಿಕೊಂಡು ಬಂದೆ.

ಇಷ್ಟೆಲ್ಲ ಆದರೂ ದೋಣಿ ಹತ್ತಿದ ಮೂಲ ಉದ್ದೇಶ ಮಾತ್ರ ಅಲ್ಲೇ ನಿಂತಿತ್ತು. ಅಕ್ಕಾರು ಬಿಸಿ ರೊಟ್ಟಿ ಉಂಡಿರಲಿಲ್ಲ.

ಮೊದಲನೆಯ ತೊಡಕು ಮೀನುಗಾರರದ್ದು. ಹಲಗೆಯ ಮೇಲೆ ರೊಟ್ಟಿ ಬಡಿದರೆ ಆ ಸಪ್ಪಳ ದೋಣಿಯ ತಳಕ್ಕಿಳಿದು ನೀರಿಗೆ ಹೋಗುತ್ತದೆ. ಬಲೆ ಹಾಕಿದವರು ಬಂದು ಕೈಮುಗಿದರು: “ಅಕ್ಕಾರ, ನೀವು ರೊಟ್ಟಿ ಬಡದ್ರ ಮೀನ ಓಡ್ತಾವ್ರಿ.”

“ಓಡ್ಲಿ ಬಿಡ್ರಪಾ, ಚಲೋ ಆತು” ಎಂದರು ಅಕ್ಕಾರು. ಆಮೇಲೆ ಅವರ ಹೊಟ್ಟೆಪಾಡು ನೆನೆದು, ಬಲೆ ಎತ್ತಿದ ಮೇಲೆ ಮಾತ್ರ ಬಡಿಯುವುದು ಎಂದು ಒಪ್ಪಂದವಾಯಿತು.

ಎರಡನೆಯದು ಅದೇ ಹಳೆಯ ‘ಬರ್ರಿ’. ನೀರಿನ ಮೇಲೂ ಮಂದಿ ಹಾದುಹೋಗುತ್ತಾರೆ ಎಂಬುದನ್ನು ನಾವಿಬ್ಬರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಲೆ ಎತ್ತಿ ಹೊರಟವರಿಗೆ ಅಕ್ಕಾರು ತಾಟಿನಿಂದ ತಲೆಯೆತ್ತಿ “ಬರ್ರಿ, ಊಟ ಮಾಡೂಣು” ಎನ್ನುವರು. ಖಾನಾವಳಿಯ ರುಚಿ ಗೊತ್ತಿದ್ದವರು. ಬಂದು ಹತ್ತಿಬಿಡುವರು. ಮೂರನೆಯವನು ಹತ್ತಿದ ದಿನ ದೋಣಿ ವಾಲಿ ಬ್ಯಾಳಿಯ ಪಾತ್ರೆ ಸಿಂಬಿಸಮೇತ ಹೊಳೆಗೆ ಹೋಯಿತು. ಮೀನುಗಾರ ಮುಳುಗಿ ಪಾತ್ರೆ ತಂದುಕೊಟ್ಟ.

ಮೂರನೆಯ ತೊಡಕಿಗೆ ಪರಿಹಾರವೇ ಇರಲಿಲ್ಲ. ಬಡಿಯುವವರೂ ಉಣ್ಣುವವರೂ ಒಬ್ಬರೇ ಆಗಲು ಸಾಧ್ಯವೇ ಎಂಬುದರ ಮೇಲೆ ನಾವು ಒಂದಿಡೀ ಮಧ್ಯಾಹ್ನ ವಾದಿಸಿದೆವು.

“ಒಂದ ಬಡದು, ಒಂದ ತಿಂದು, ಮತ್ತೊಂದು ಬಡೀರಿ” ಎಂದೆ.

“ನಾ ತಿನ್ನೂತನಾ ಹಂಚು ಖಾಲಿ ಸುಡಬೇಕೇನು?”

“ಗ್ಯಾಸ್ ಆರಸ್ರಿ.”

“ಆರಿದ ಹಂಚಿನ ಮ್ಯಾಲ ಮುಂದಿನ ರೊಟ್ಟಿ ಉಬ್ಬಂಗಿಲ್ಲ. ನಾದಿದ ಹಿಟ್ಟು ಹರೀತೈತಿ. ಕೈ ತುಂಬ ಹಿಟ್ಟು, ಅದನ್ನ ತೊಳೀಬೇಕು, ತಿನ್ನಬೇಕು, ಮತ್ತ ಮೆತ್ತಿಕೊಬೇಕು. ಅದು ಊಟಾನೋ ಶಿಕ್ಷಾನೋ?”

ಹಾಗಾಗಿ ಅಕ್ಕಾರು ದೋಣಿಯಲ್ಲಿ ಖಡಕ್ ರೊಟ್ಟಿ ತಿಂದುಕೊಂಡಿದ್ದರು. ಅದನ್ನೂ ನಾನೇ ಸಿಂದಗಿಯಿಂದ ಕಟ್ಟು ಕಟ್ಟಿ ಒಯ್ಯುತ್ತಿದ್ದೆ. ಜನ್ಮವಿಡೀ ಊರಿಗೆ ಬಡಿದವರು ಯಾರೋ ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ “ಈಕಿ ಅಂಚ ದಪ್ಪ ಬಿಡ್ತಾಳ” ಎಂದು ಮುರಿದುಕೊಳ್ಳುತ್ತಿದ್ದರು.

ಒಂದು ಮಳೆಗಾಲ, ಒಂದು ಚಳಿಗಾಲ ಹೀಗೇ ಹೋಯಿತು. ಬೇಸಿಗೆಯ ಹೊತ್ತಿಗೆ ಅಕ್ಕಾರು ಸೊರಗಿದ್ದರು. ಉಸಿರು ಕಟ್ಟುತ್ತಿತ್ತು. ವಿಜಯಪುರದ ಡಾಕ್ಟರು ಹೃದಯ ದೊಡ್ಡದಾಗಿದೆ ಎಂದಿದ್ದರಂತೆ. “ದೊಡ್ಡದಾದ್ರ ಚಲೋ ಅಲ್ಲೇನ್ರಿ?” ಎಂದು ಅಕ್ಕಾರು ಕೇಳಿದರಂತೆ. ಡಾಕ್ಟರು ಗುಳಿಗೆ ಬರೆದರಂತೆ. ತಂಗಿಯ ಮಗ ಫೋನು ಮಾಡಿ, ಭಾನುವಾರ ಸಂಜೆ ಕಾರು ತರುತ್ತೇನೆ, ಝಳಕಿಗೆ ಕರೆದೊಯ್ಯುತ್ತೇನೆ, ದೋಣಿ ಮೀನುಗಾರನಿಗೇ ವಾಪಸು ಕೊಡಿ ಎಂದ. ಅಕ್ಕಾರು ಅದಕ್ಕೂ ವಾದಿಸಲಿಲ್ಲ. ಅದು ನನಗೆ ಸರಿ ಕಾಣಲಿಲ್ಲ.

ಆ ಭಾನುವಾರ ಬೆಳಿಗ್ಗೆ ಸಿಂದಗಿಯಿಂದ ಬಸ್ ಹಿಡಿದು ಹೋದೆ. ಅಕ್ಕಾರು ಸಾಮಾನು ಕಟ್ಟುತ್ತಿದ್ದರು. ಹಿಂಡಿಯ ಡಬ್ಬಿಗಳು, ಸಿಂಬಿಗಳು, ಹಂಚು.

“ಇಷ್ಟ ದಿನಾ ದೋಣ್ಯಾಗ ಇದ್ದು ಏನ ಸಿಕ್ತ್ರಿ ಅಕ್ಕಾರ?”

“ತಂಪ ಗಾಳಿ.”

“ಬಿಸಿ ರೊಟ್ಟಿ?”

“ಎಲ್ಲಾರಿಗೂ ಎಲ್ಲಾ ಎಲ್ಲಿ ಸಿಗತೈತಿ” ಎಂದು ಹಂಚನ್ನು ಚೀಲಕ್ಕೆ ಹಾಕಿದರು. ನಾನು ಹೊರಗೆ ತೆಗೆದೆ. ಅವರು ಮತ್ತೆ ಹಾಕಿದರು. ನಾನು ಮತ್ತೆ ತೆಗೆದು ಒಲೆಯ ಮೇಲಿಟ್ಟೆ.

“ನಾ ಬಡೀತೇನಿ.”

“ನಿನಗ ಬರಂಗಿಲ್ಲ.”

“ಗೊತ್ತೈತ್ರಿ.”

“ಕಲಿತಿ ಅಂದ್ರ ಕೆಟ್ಟಿ. ನಾಳಿ ನಿಮ್ಮವ್ವ ಬಡಸ್ತಾಳ, ನಾಡದು ಗಂಡ ಬಡಸ್ತಾನ. ನಿನ್ನ ಮಾತ ನೀನ ಮುರೀತೀಯೇನು?”

“ಕಲಿಯೂದು ಬ್ಯಾರೆ, ಮಾಡೂದು ಬ್ಯಾರೆ ರೀ. ನಾ ಕಲಿಯಂಗಿಲ್ಲ. ಇವತ್ತೊಂದಿನ ಮಾಡ್ತೇನಿ. ನನಗ ಬರತೈತಿ ಅಂತ ಯಾರಿಗೂ ಸಂಶೆ ಬರದಂಗ ಕೆಟ್ಟದಾಗಿ ಮಾಡ್ತೇನಿ.”

ಅಕ್ಕಾರು ಈ ವಾದದಲ್ಲಿ ತೂತು ಹುಡುಕಿದರು. ಹುಡುಕುತ್ತ ಹುಡುಕುತ್ತ ಹಿಟ್ಟಿನ ಡಬ್ಬಿ ನನ್ನ ಕಡೆ ಸರಿಸಿದರು.

ನಾನು ಒಲೆಯ ತುದಿಯಲ್ಲಿ ಕೂತೆ. ಅವರು ಎದುರಿನ ತುದಿಗೆ ಹೋಗಿ ತಾಟು ಇಟ್ಟುಕೊಂಡು ಕೂತರು. ಕುದಿಯುವ ನೀರು ಹಿಟ್ಟಿಗೆ ಹಾಕಿ ನಾದಿದೆ, ಕೈ ಸುಟ್ಟಿತು. ಉಂಡೆ ಮಾಡಿ ಹಲಗೆಯ ಮೇಲೆ ಬಡಿದೆ, ಅಂಚು ಒಡೆಯಿತು. ಎತ್ತುವಾಗ ಹರಿಯಿತು. ಹರಿದದ್ದನ್ನು ಹಂಚಿನ ಮೇಲೆ ಕೂಡಿಸಿ, ಒದ್ದೆ ಬಟ್ಟೆ ಸವರಿದೆ. ಅಕ್ಕಾರಿಗೆ ತಡೆಯಲಾಗಲಿಲ್ಲ. “ಬಿಡಬಿಡ, ಹಂಗಲ್ಲ” ಎಂದು ಏಳಲು ಹೋದರು. ಅವರು ಎದ್ದದ್ದೇ ದೋಣಿ ನನ್ನ ಕಡೆ ವಾಲಿತು, ಹಿಟ್ಟಿನ ಪರಾತ ಜಾರಿತು, ಹಂಚು ಒಲೆಯ ಮೇಲೆ ಅರ್ಧ ತಿರುಗಿತು.

“ಕುಂಡ್ರಿ ಅಕ್ಕಾರ! ನೀವೆದ್ರ ಎಲ್ಲಾ ಹೊಳೀಗೆ ಹೋಗತೈತಿ.”

ಅವರು ಕೂತರು. ದೋಣಿ ಸರಿಯಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎದ್ದು ನೋಡಿದರು; ದೋಣಿ ಮತ್ತೆ ವಾಲಿತು. ಮತ್ತೆ ಕೂತರು. ಅಷ್ಟು ದೊಡ್ಡ ಮನೆ, ಖಾನಾವಳಿ, ಡಾಕ್ಟರು, ನನ್ನ ವಾದ, ಯಾವುದೂ ಅವರನ್ನು ಉಣ್ಣುವಾಗ ಏಳದಂತೆ ಕೂಡಿಸಿರಲಿಲ್ಲ. ಈ ಡಾಂಬರು ಬಳಿದ ಹಲಗೆ ಕೂಡಿಸಿತು. ದೋಣಿ ಕೊಂಡದ್ದು ಅರ್ಥವಿಲ್ಲದ ಕೆಲಸ ಎಂದು ನಾನು ವರ್ಷವಿಡೀ ಮಂಡಿಸಿದ್ದ ವಾದವನ್ನು ಅಲ್ಲೇ ವಾಪಸು ತೆಗೆದುಕೊಂಡೆ, ಮನಸ್ಸಿನಲ್ಲಿ.

ಮೊದಲನೆಯ ರೊಟ್ಟಿ ಉಬ್ಬಲಿಲ್ಲ. ಒಂದು ಕಡೆ ಕರಿ, ಒಂದು ಕಡೆ ಬಿಳಿ, ನಡುವೆ ಒಂದು ಕಿಂಡಿ. ಚಿಮಟದಿಂದ ಹಿಡಿದು ಕೈ ಚಾಚಿ ಅವರ ತಾಟಿಗೆ ಹಾಕಿದೆ. ಹೊಗೆಯಾಡುತ್ತಿತ್ತು. ಅಕ್ಕಾರು ಅದನ್ನು ಬೆಳಕಿಗೆ ಹಿಡಿಯಲಿಲ್ಲ. ಮುರಿದರು, ಬೆರಳು ಸುಟ್ಟುಕೊಂಡು ಊದಿಕೊಂಡರು, ಅದರ ಮೇಲೆ ಬೆಣ್ಣೆ ಇಟ್ಟುಕೊಂಡರು, ಅಂಗಡಿಯ ಬೆಣ್ಣೆ. ಹಿಂಡಿ ಹಚ್ಚಿ ಬಾಯಿಗಿಟ್ಟರು. ಅಗಿದರು. ನಾನು ತೀರ್ಪಿಗೆ ಕಾದೆ.

“ಹೆಂಗೈತ್ರಿ?”

“ಬಿಸಿ ಐತಿ.”

ಎರಡನೆಯದು ಹಾಕಿದೆ. ಅದು ಮೊದಲನೆಯದಕ್ಕಿಂತ ಕೆಟ್ಟದಾಗಿತ್ತು. ತಾಟು ಖಾಲಿಯಾಗುವುದರೊಳಗೆ ಅದು ಹೋಗಿ ಬಿತ್ತು. ಅವರು ಉಣ್ಣುವುದನ್ನು ನಾನು ಅಲ್ಲಿಯ ತನಕ ನೋಡೇ ಇರಲಿಲ್ಲ ಎಂದು ಆಗ ಗೊತ್ತಾಯಿತು. ಎಡಗೈ ಹಲಗೆಗೂರಿ, ಒಂದು ಕಾಲು ಮಡಿಸಿ, ತಲೆ ತಗ್ಗಿಸಿ, ಹೊಲದಿಂದ ಬಂದವರ ಹಾಗೆ ಉಣ್ಣುತ್ತಿದ್ದರು. ಮೂರನೆಯದನ್ನು ಬಡಿಯುತ್ತಿದ್ದೆ. ಸಪ್ಪಳ ನೀರಿಗಿಳಿದು ಸುತ್ತ ಉಂಗುರ ಉಂಗುರವಾಗಿ ಅಲೆ ಹೋಗುತ್ತಿತ್ತು. ಮೀನೆಲ್ಲ ಎಲ್ಲಿಗೆ ಹೋದವೋ.

ಆಗ ಮೀನುಗಾರ ತೆಪ್ಪ ಹಾಕಿಕೊಂಡು ಬಂದ. ಬಲೆ ಎತ್ತಿ ಆಗಿತ್ತು. ಅವನಿಗೆ ಅವಸರವೇನೂ ಇರಲಿಲ್ಲ. ನಮ್ಮ ಪಕ್ಕಕ್ಕೇ ಹಾದುಹೋಗುತ್ತ ಹುಟ್ಟು ನಿಲ್ಲಿಸಿ, ಯಾವಾಗಲೂ ಕೇಳುವ ಹಾಗೆ ಕೇಳಿದ:

“ಊಟ ಆತೇನ್ರಿ ಅಕ್ಕಾರ?”

ಅಕ್ಕಾರು ತಲೆಯೆತ್ತಿದರು. ತುತ್ತು ಬಾಯಲ್ಲಿತ್ತು. ಅದನ್ನು ಕೆನ್ನೆಗೆ ಸರಿಸಿದರು. ತುಟಿ ತೆರೆದವು. ಮುಂದಿನ ಮಾತು ಏನೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನು ಆಗಲೇ ತೆಪ್ಪವನ್ನು ನಮ್ಮ ಕಡೆ ಅರ್ಧ ತಿರುಗಿಸಿದ್ದ. ನಾನು ಹಿಟ್ಟಿನ ಕೈ ಹಾಗೇ ಹಿಡಿದು ಕೂತೆ.

“ನಡದೈತಿ, ತಮ್ಮಾ” ಎಂದರು ಅಕ್ಕಾರು.

ಅವನು ಕಾದ. ತೆಪ್ಪ ತಾನೇ ಸ್ವಲ್ಪ ತೇಲಿತು. ಅಕ್ಕಾರು ಅವನಿಗೆ ಬೆನ್ನು ತಿರುಗಿಸಿ, ತಾಟನ್ನು ತೊಡೆಯ ಮೇಲೆ ಎಳೆದುಕೊಂಡು, ಇನ್ನೊಂದು ತುಂಡು ಮುರಿದರು. ಅವನು ನನ್ನ ಮುಖ ನೋಡಿದ. ಹಾಯಿಯ ಮೇಲಿನ ಸಂಡಿಗೆ ನೋಡಿದ. ಆಮೇಲೆ ಹುಟ್ಟು ಹಾಕಿಕೊಂಡು ದಂಡೆಯ ಕಡೆ ಹೋದ.

ಅಕ್ಕಾರು ತಲೆಯೆತ್ತದೆ ಖಾಲಿ ತಾಟನ್ನು ನನ್ನ ಕಡೆ ದೂಡಿದರು.

“ವಕೀಲ್ರ, ಹಂಚು ಸುಡಾಕತ್ತೈತಿ.”